ನಮ್ಮತ್ತೆಯ ಕಾರು, ಎಡಗಡೆ ಸ್ಟೇರಿಂಗು

ನಮ್ಮ ಅತ್ತೆ ಒಂದು ಕಾರಿನ ಒಡತಿ. ತಮಾಷೆಯಲ್ಲ, ನಿಜ. ಬಿಳಿ ಬಣ್ಣದ ಕಾರು, ಬಾನೆಟ್ಟಿನ ಮೇಲೆ ಕೆಂಪು ರಿಬ್ಬನ್ನು. ಕೊಲ್ಲಿ ದೇಶವೊಂದರ ದೊಡ್ಡ ಮಾಲ್‌ನಲ್ಲಿ, ತಿರುಗುವ ಕಟ್ಟೆಯ ಮೇಲೆ, ದೀಪಗಳ ಬೆಳಕಿನಲ್ಲಿ ಅದು ಮೆಲ್ಲಗೆ ಸುತ್ತುತ್ತಿತ್ತು. ಒಡತಿ ಮಾತ್ರ ಶಿಡ್ಲಘಟ್ಟದ ನಮ್ಮ ಮನೆಯ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಸುದ್ದಿ ಮೊದಲು ಬಂದದ್ದು ನನ್ನ ಫೋನಿಗೆ. ಯಾರೋ ಇಂಗ್ಲಿಷಿನಲ್ಲಿ ರತ್ನಮ್ಮ (ಅಂದರೆ ನಮ್ಮತ್ತೆ) ಇದ್ದಾರಾ ಅಂತ ಕೇಳಿ, ಅವರು ಕಾರು ಗೆದ್ದಿದ್ದಾರೆ, ಕಂಗ್ರಾಜುಲೇಷನ್ಸ್ ಅಂದರು. ನಾನು ಏನು ಮಾಡಿದೆ, ಊಹಿಸಿ. ಇಂಥ ಲಕ್ಕಿ ಡ್ರಾ ಕಳ್ಳರ ಬಗ್ಗೆ ಇದೇ ಅಂಕಣದಲ್ಲಿ ನಿಮಗೆ ಎಷ್ಟು ಸಲ ಉಪದೇಶ ಮಾಡಿಲ್ಲ? ಕಟ್ ಮಾಡಿದೆ. ಮತ್ತೆ ಬಂತು. ಚೆನ್ನಾಗಿ ಬೈದು ನಂಬರ್ ಬ್ಲಾಕ್ ಮಾಡಿದೆ. (ಹೈಸ್ಕೂಲ್ ಟೀಚರ್ ನಾನು. ಬೈಯುವ ಮಟ್ಟಿಗೆ ನನ್ನ ಇಂಗ್ಲಿಷು ತುಂಬ ಚೆನ್ನಾಗಿದೆ.)

ವಾರದ ಕೊನೆಗೆ ಮೈದುನ ನಾಗರಾಜ ಫೋನ್ ಮಾಡಿದ. ಅವನು ಆ ಮಾಲ್ ಇರುವ ಊರಿನಲ್ಲೇ ಸ್ಕೂಲ್ ಬಸ್ ಓಡಿಸುತ್ತಾನೆ. ಈರುಳ್ಳಿ ತರಲು ಮಾಲ್‌ಗೆ ಹೋದವನಿಗೆ, ಗೆದ್ದವರ ಬೋರ್ಡಿನ ಮೇಲೆ ತನ್ನ ತಾಯಿಯ ಹೆಸರು ಕಂಡಿದೆ.

"ಅತ್ತಿಗೆ, ಮಾಲ್‌ನವ್ರಿಗೆ ಬೈದ್ರಂತೆ?" ಅಂದ.

ನನಗೆ ನಾಚಿಕೆಯಾಯಿತು. ಹಾಗಾದರೆ ನಿಜವೇ? ಸಾಮಾನು ಕೊಂಡವರಿಗೆಲ್ಲ ಒಂದು ಕೂಪನ್ ಕೊಟ್ಟಿದ್ದರಂತೆ. ಹೆಸರು, ಫೋನ್ ನಂಬರ್ ಬರೆದು ಡಬ್ಬಿಗೆ ಹಾಕಬೇಕು. ಅಲ್ಲಿದ್ದ ಜನವೆಲ್ಲ ತಂತಮ್ಮ ಹೆಸರು ಬರೆದರೆ ನಮ್ಮ ನಾಗರಾಜ ಅಮ್ಮನ ಹೆಸರು, ಅಮ್ಮನಿಗೆ ಫೋನಿಲ್ಲವೆಂದು ನನ್ನ ನಂಬರ್ ಬರೆದಿದ್ದ.

ಯಾಕೆ ಅಂತ ನಮ್ಮ ಕಡೆಯವರನ್ನು ಕೇಳಬೇಡಿ. ನಮ್ಮ ಮನೆಯಲ್ಲಿ ಯಾವುದೇ ಕೆಲಸ ಶುರುವಾಗುವುದು ಅತ್ತೆಯ ಕೈಯಿಂದಲೇ. ಚಾಕಿ ಹುಳು, ಅಂದರೆ ರೇಷ್ಮೆಯ ಎಳೆ ಹುಳು, ಮನೆಗೆ ಬಂದರೆ ಮೊದಲ ಹಿಡಿ ಸೊಪ್ಪು ಅವರೇ ಹಾಕಬೇಕು. ಹೊಸ ಬೋರ್‌ವೆಲ್ಲಿನ ಸ್ವಿಚ್ಚನ್ನು ಅವರೇ ಒತ್ತಬೇಕು. ಅವರ ಕೈಗುಣ ಹಾಗೆ. ಕೇರಿಯವರೂ ಅಂಗಡಿ ತೆರೆಯುವಾಗ ಬೋಣಿಗೆ ಅವರನ್ನೇ ಕರೆಯುತ್ತಾರೆ. ಇನ್ನು ಲಕ್ಕಿ ಡ್ರಾ ಕೂಪನ್ ಬೇರೆಯವರ ಹೆಸರಲ್ಲಿ ಹೋದೀತೇ?

ಅತ್ತೆಗೆ ವಿಷಯ ಹೇಳಿದೆವು. ಅವರು ಅವರೆಕಾಯಿಯಿಂದ ಕೈ ತೆಗೆಯಲಿಲ್ಲ.

"ಕಾರು ಬಂದ್ರೆ ಓಡ್ಸೋದ್ಯಾರು?" ಅಂದರು.

ನಮ್ಮ ಮನೆಯಲ್ಲಿ ಡ್ರೈವಿಂಗ್ ಬರುವುದು ನಾಗರಾಜನೊಬ್ಬನಿಗೆ. ಮೊದಲು ಇಲ್ಲೇ ರೇಷ್ಮೆಗೂಡು ಸಾಗಿಸುವ ಬಾಡಿಗೆ ಟೆಂಪೋ ಓಡಿಸುತ್ತಿದ್ದ. ಮಾಲೀಕರು ಅದನ್ನು ಮಾರಿದ ಮೇಲೆ, "ಸ್ವಂತ ಗಾಡಿ ತಗೊಳೋ ಹಾಗಾದ್ರೆ ಬರ್ತೀನಿ, ಬರಿಗೈಲಿ ಬರಲ್ಲ" ಅಂತ ಹೇಳಿ ವಿಮಾನ ಹತ್ತಿದವನು. ಹಬ್ಬಗಳು ಬಂದವು, ಹೋದವು. ಅವನು ಬರಲಿಲ್ಲ. ಮಗನ ವಿಷಯಕ್ಕೆ ಅತ್ತೆ ಯಾರ ಮುಂದೆಯೂ ಅತ್ತವರಲ್ಲ. ಭಾನುವಾರದ ವಿಡಿಯೋ ಕಾಲ್ ಮುಗಿದ ಮೇಲೂ ಫೋನನ್ನು ಸ್ವಲ್ಪ ಹೊತ್ತು ಮಡಿಲಲ್ಲೇ ಇಟ್ಟುಕೊಂಡಿರುತ್ತಾರೆ, ಅಷ್ಟೇ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಮನೆಯವರೆಲ್ಲ ಎಚ್ಚರವಾಗಿದ್ದೇ ಕನಸು ಕಂಡೆವು. ನಮ್ಮ ಯಜಮಾನರು ಡಿಕ್ಕಿಯಲ್ಲಿ ಎಷ್ಟು ಗೂಡಿನ ಚೀಲ ಹಿಡಿಯಬಹುದು ಅಂತ ಯೋಚಿಸಿದರು. ನಾನು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ನಂದಿಯ ಕಡೆ ಕಾರು ಬಿಟ್ಟೆ. ಬೆಳಗಿನ ಮಂಜು, ಎರಡೂ ಕಡೆ ದ್ರಾಕ್ಷಿ ಚಪ್ಪರ, ಕಿಟಕಿಯ ಗಾಜು ಇಳಿಸಿದರೆ ಮುಖಕ್ಕೆ ತಣ್ಣನೆ ಗಾಳಿ. ಒಬ್ಬ ಹುಡುಗನಿಗೆ ತಪ್ಪು ಉತ್ತರಕ್ಕೂ ಮಾರ್ಕ್ಸ್ ಹಾಕಿದ್ದೆ. ಹಾಕಿದ್ದು ಹಾಕಿದ್ದೇ, ತೆಗೆಯಲು ಮನಸ್ಸು ಬರಲಿಲ್ಲ. (ನಮ್ಮ ಗಲ್ಲಿಯಲ್ಲಿ ಆಟೋ ಬಂದರೇ ಎದುರು ಮನೆಯವರು ಸೈಕಲ್ ಒಳಗಿಡಬೇಕು. ಕಾರು ಎಲ್ಲಿ ನಿಲ್ಲಿಸುತ್ತೀರಿ ಅಂತ ದಯವಿಟ್ಟು ಕೇಳಬೇಡಿ. ಕನಸಿನಲ್ಲಿ ಪಾರ್ಕಿಂಗ್ ಸಮಸ್ಯೆ ಇರುವುದಿಲ್ಲ.)

"ನಿಮಗೆಲ್ಲಿಗೆ ಹೋಗ್ಬೇಕು ಅತ್ತೆ?" ಅಂತ ಒಂದು ಸಂಜೆ ಕೇಳಿದೆ.

"ಮಂಚೇನಳ್ಳಿಗೆ," ಅಂದರು. ಅದು ಅವರ ತವರು. "ಯಾವಾಗ್ಲೂ ಬಸ್ಸಲ್ಲೋ, ಟೆಂಪೋ ಹಿಂದ್ಗಡೆ ಚೀಲದ್ ಮೇಲೋ ಕೂತ್ಕೊಂಡೇ ಹೋಗಿದೀನಿ. ಒಂದ್ಸಲ ಮುಂದಿನ್ ಸೀಟಲ್ಲಿ, ನಾಗರಾಜನ್ ಪಕ್ಕ ಕೂತ್ಕೊಂಡು ಹೋಗ್ಬೇಕಮ್ಮ."

ಕನಸಿಗೆ ಮೊದಲ ಬ್ರೇಕು ಬಿದ್ದದ್ದು ಚಿಕ್ಕಬಳ್ಳಾಪುರದಲ್ಲಿ. ಗಾಡಿಗಳ ಕಾಗದಪತ್ರ ಮಾಡಿಸಿಕೊಡುವ ಪರಿಚಯದವರೊಬ್ಬರ ಬಳಿ ನಾನೂ ಯಜಮಾನರೂ ಹೋಗಿದ್ದೆವು. ಅವರು ನಾಗರಾಜ ಕಳಿಸಿದ್ದ ಫೋಟೋ ನೋಡಿ ನಕ್ಕರು.

"ಸ್ಟೇರಿಂಗ್ ಎಡಗಡೆ ಐತಲ್ಲ ಮೇಡಂ. ಇಂಥದ್ದು ತಂದ್ರೆ ನಮ್ಮಲ್ಲಿ ರಿಜಿಸ್ಟ್ರೇಷನ್ ಆಗಲ್ಲ. ಅದು ಹೋಗ್ಲಿ ಅಂದ್ರೂ, ಕಸ್ಟಮ್ಸ್‌ಗೆ ಕಟ್ಟೋ ದುಡ್ಡಲ್ಲಿ ಇಲ್ಲೇ ಇನ್ನೊಂದು ಕಾರು ಬರುತ್ತೆ. ಅಲ್ಲೇ ಮಾರಿಬಿಡಿ."

ಬಸ್ಸಿನಲ್ಲಿ ವಾಪಸ್ಸು ಬಂದೆವು. ಕಾರು ಕಳೆದುಕೊಂಡವರ ದುಃಖ ನಮ್ಮದು, ಅದೂ ಕಣ್ಣಿಂದಲೂ ನೋಡದ ಕಾರು.

ನಾಗರಾಜ ಮಾತ್ರ ಚುರುಕಾದ. ಆ ಮಾಲ್‌ನ ಕಾರಿನ ಅಂಗಡಿಯವರೇ ಅದನ್ನು ವಾಪಸ್ಸು ಕೊಳ್ಳುತ್ತಾರಂತೆ. ಆ ದುಡ್ಡಿನಲ್ಲಿ ಇಲ್ಲಿ ಒಂದು ವ್ಯಾನ್ ತೆಗೆದುಕೊಳ್ಳಬಹುದು. "ಆಗ ಬಂದ್ಬಿಡ್ತೀನಿ ಅತ್ತಿಗೆ," ಅಂದ. ವಿಮಾನ ಹತ್ತಿದ ಮೇಲೆ ಅವನ ಬಾಯಿಂದ ಆ ಮಾತು ಮೊದಲ ಸಲ ಕೇಳಿದೆ. ಪಕ್ಕದಲ್ಲಿದ್ದ ಅತ್ತೆಯೂ ಕೇಳಿಸಿಕೊಂಡರು.

ಆದರೆ ಒಂದು ಷರತ್ತು. ಕೂಪನ್ನಿನಲ್ಲಿ ಯಾರ ಹೆಸರಿದೆಯೋ ಅವರೇ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಬರಬೇಕು. ಗಡುವು ದಾಟಿದರೆ ಕಾರು ಬೇರೆಯವರ ಪಾಲು. ನಾಗರಾಜ ತನ್ನ ಹೆಸರು ಬರೆದಿದ್ದರೆ ಸಂಜೆ ಡ್ಯೂಟಿ ಮುಗಿಸಿ ನಡೆದುಕೊಂಡೇ ಹೋಗಿ ತರಬಹುದಿತ್ತು. ಈಗ ಬೆಂಗಳೂರನ್ನೇ ಸರಿಯಾಗಿ ನೋಡದ ಹೆಂಗಸು ಸಮುದ್ರ ದಾಟಬೇಕು. ಕೈಗುಣ ನಂಬಿದ್ದಕ್ಕೆ ಇದು ಶಿಕ್ಷೆಯೋ, ಬಹುಮಾನವೋ?

ಪಾಸ್‌ಪೋರ್ಟ್ ಕಚೇರಿಯಲ್ಲಿ ಬೆರಳಚ್ಚು ತೆಗೆಯುವ ಸರದಿ ಬಂತು. ಅತ್ತೆ ಬೆರಳಿಟ್ಟರು. ಮಷೀನು ಒಪ್ಪಲಿಲ್ಲ. ಕೌಂಟರಿನ ಹುಡುಗಿ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, "ಅಜ್ಜಿ, ಇನ್ನೊಂದ್ಸಲ ಒತ್ತಿ," ಅಂದಳು. ಆಗಲೂ ಇಲ್ಲ.

"ಆ ಗೆರೆ ಎಲ್ಲ ಬಿಸಿನೀರಿಗೆ ಹೋಯ್ತಮ್ಮ," ಅಂದರು ಅತ್ತೆ, ತಪ್ಪು ತಮ್ಮದೇ ಅನ್ನುವ ಹಾಗೆ.

ಮದುವೆಯಾಗಿ ಬಂದಾಗಿನಿಂದ ಸೊಂಟ ಹಿಡಿದುಕೊಳ್ಳುವವರೆಗೂ ಅವರು ನೂಲು ಬಿಚ್ಚುವ ಕೆಲಸ ಮಾಡಿದವರು. ಕುದಿಯುವ ನೀರಿನಲ್ಲಿ ಗೂಡು ತೇಲುತ್ತಿರುತ್ತದೆ, ಅದರಿಂದ ಎಳೆ ಹಿಡಿದು ಎತ್ತಬೇಕು. ದಿನವಿಡೀ ಕೈ ನೀರಲ್ಲೇ. ಊರೆಲ್ಲ ಅದೃಷ್ಟ ಅಂತ ಕಣ್ಣಿಗೊತ್ತಿಕೊಳ್ಳುವ ಕೈ ಅದು. ಅದರಲ್ಲಿ ಗೆರೆಗಳೇ ಸವೆದುಹೋಗಿವೆ ಅಂತ ಜೊತೆಯಲ್ಲೇ ಉಣ್ಣುವ ನಾನು ಗಮನಿಸಿರಲಿಲ್ಲ. ನನಗೆ ಅಲ್ಲೇ ಅಳು ಬಂತು.

ಆ ಹುಡುಗಿ ಕೈಬಿಡಲಿಲ್ಲ. ಮೇಲಿನವರನ್ನು ಕೇಳಿಕೊಂಡು ಬಂದಳು, ಸಿಕ್ಕಷ್ಟು ಬೆರಳು ತೆಗೆದುಕೊಂಡಳು, ಉಳಿದದ್ದಕ್ಕೆ ಟಿಪ್ಪಣಿ ಹಾಕಿದಳು. ವಿಚಾರಣೆಗೆ ಮನೆಗೆ ಬಂದ ಪೊಲೀಸಿನವರು, "ಫಾರಿನ್‌ಗೆ ಯಾಕಜ್ಜಿ?" ಅಂದರು. "ನನ್ ಕಾರು ಅಲ್ಲೈತಪ್ಪ," ಅಂದರು ಅತ್ತೆ. ಅವರು ಕಾಫಿ ಕುಡಿದು, ನಗುತ್ತಲೇ ಹೋದರು.

ಪಾಸ್‌ಪೋರ್ಟ್ ಬಂದಾಗ ಗಡುವು ಹತ್ತಿರವಾಗಿತ್ತು. ಮನೆಯಲ್ಲಿ ಹುಳು ಪೊರೆ ಬಿಡುವ ಕೊನೆಯ ಜ್ವರ ಎದ್ದು ಹಗಲು ರಾತ್ರಿ ಸೊಪ್ಪು ಮೇಯುವ ಸಮಯ. ಯಜಮಾನರು ಹೊರಡುವಂತಿರಲಿಲ್ಲ. ನನಗೆ ಸ್ಕೂಲ್ ರಜೆ. ಎಂದೋ ಆಸೆಗೆ ಮಾಡಿಸಿ ಬೀರುವಿನಲ್ಲಿಟ್ಟಿದ್ದ ನನ್ನ ಪಾಸ್‌ಪೋರ್ಟೂ ಕೊನೆಗೆ ಕೆಲಸಕ್ಕೆ ಬಂತು. ಬಿಟ್ಟಿ ಕಾರು ನೋಡಲು ಒಂದು ಬೆಳೆಯ ಗೂಡಿನ ದುಡ್ಡು ಟಿಕೆಟ್ಟು, ವೀಸಾಗೆ ಹೋಯಿತು ಅನ್ನುವುದನ್ನೂ ಹೇಳಿಬಿಡುತ್ತೇನೆ.

ಏರ್‌ಪೋರ್ಟಿನಲ್ಲಿ ನಾಗರಾಜ ನಿಂತಿದ್ದ. ಕಪ್ಪಗಾಗಿದ್ದ, ಕೂದಲು ತೆಳ್ಳಗಾಗಿತ್ತು. ಅತ್ತೆ ಅವನ ಮುಖ ಸವರಿ, "ಊಟ ಮಾಡಿದ್ಯಾ ನಾಯನ?" ಅಂದರು, ದಿನಾ ಕೇಳುವವರ ಹಾಗೆ.

ಮಾರನೆಯ ದಿನ ಮಾಲ್‌ಗೆ ಹೋದೆವು. ಕಾರು ಇನ್ನೂ ಸುತ್ತುತ್ತಲೇ ಇತ್ತು. ನಾನು ಬೈದಿದ್ದ ಮ್ಯಾನೇಜರ್ ನಗುನಗುತ್ತಾ ಬಂದು ಪಾಸ್‌ಪೋರ್ಟ್ ನೋಡಿದರು, ಸಹಿ ಹಾಕಿಸಿದರು. ಕಟ್ಟೆ ನಿಲ್ಲಿಸಿ, ಬಾಗಿಲು ತೆಗೆದು, ಕೂತುಕೊಳ್ಳಿ ಅಂದರು. ಅತ್ತೆ ನೇರವಾಗಿ ಎಡಗಡೆಗೆ ಹೋದರು. ಮುಂದಿನ ಸೀಟು ಅಂದರೆ ಎಡಗಡೆ, ಅವರು ಕಂಡದ್ದು ಅಷ್ಟೇ. ಕೂತರು, ನೋಡಿದರು.

"ಇದೇನ್ ನಾಯನ, ಈ ಚಕ್ರ ನನ್ ಮುಂದ್ಕೆ ಬಂತು?"

ನಾಗರಾಜ ನಗುತ್ತಾ ಬಲಗಡೆಗೆ ಬಂದು ಕೂತ. "ಇರ್ಲಿ, ನೀನೇ ಓಡ್ಸಮ್ಮ."

"ಎಲ್ಗೆ?"

"ಮಂಚೇನಳ್ಳಿಗೆ."

ಗೆರೆಯಿಲ್ಲದ ಆ ಕೈಗಳು ಸ್ಟೇರಿಂಗ್ ಹಿಡಿದವು. ಮ್ಯಾನೇಜರಿಗೆ ಏನನ್ನಿಸಿತೋ, ಕಟ್ಟೆಯ ಸ್ವಿಚ್ ಒತ್ತಿದರು. ಕಾರು ಮೆಲ್ಲಗೆ ತಿರುಗತೊಡಗಿತು. ಅತ್ತೆ ಕಣ್ಣು ಮುಚ್ಚಿದರು. "ಚಿಕ್ಕಬಳ್ಳಾಪುರ ಬಂತು," ಅಂದ ನಾಗರಾಜ. "ಹೂಂ," ಅಂದರು. "ಗೌರಿಬಿದನೂರು ರೋಡಿಗೆ ತಿರುಗ್ತಾ ಇದೀವಿ." "ಹೂಂ, ನಿಧಾನ." ಗಾಜಿನಾಚೆ ಚಿನ್ನದ ಅಂಗಡಿ, ಸೆಂಟಿನ ಅಂಗಡಿಗಳು ಹಾದುಹೋಗುತ್ತಿದ್ದವು. ನನ್ನ ಕಣ್ಣಿಗೆ ಮಾತ್ರ, ಆಣೆ ಮಾಡಿ ಹೇಳುತ್ತೇನೆ, ಗುಡ್ಡಗಳು ಕಂಡವು.

ಇಳಿದ ಮೇಲೆ ಅತ್ತೆ ಚೀಲದಿಂದ ನಿಂಬೆಹಣ್ಣು ತೆಗೆದು ಚಕ್ರಗಳ ಮುಂದೆ ಇಟ್ಟರು. ಅಂಗಡಿಯವನು ಕಾರನ್ನು ಕೆಳಗಿಳಿಸುವಾಗ ಅವು ಪಚಕ್ ಅಂದವು. ಮಾರುವ ಗಾಡಿಗೆ ಯಾಕೆ ಪೂಜೆ ಅಂತ ನಾನು ಕೇಳಲಿಲ್ಲ.

ಕಾರು ಮಾರಿದ ದುಡ್ಡು ಕೈಗೆ ಬಂದ ಮೇಲೆ ಸ್ಕೂಲ್ ಬಸ್ಸಿನ ಕೆಲಸಕ್ಕೆ ನೋಟಿಸ್ ಕೊಟ್ಟು, ಅದರ ಅವಧಿ ಮುಗಿಸಿಕೊಂಡು ನಾಗರಾಜ ಹೋದ ಭಾನುವಾರ ಮನೆಗೆ ಬಂದ. ಚಿಂತಾಮಣಿಯಲ್ಲಿ ಸೆಕೆಂಡ್ ಹ್ಯಾಂಡ್ ವ್ಯಾನ್ ಒಂದು ನೋಡಿದ್ದಾನೆ. ಅವನು ಜಗಲಿಯಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರೆ, ಅತ್ತೆ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದರು. ನಾನು ಸುಮ್ಮನಿರಲಾರದೆ ಕೆಣಕಿದೆ.

"ಅಷ್ಟು ಚೆನ್ನಾಗಿರೋ ಕಾರು ಅಲ್ಲೇ ಬಿಟ್ಟು ಬಂದ್ವಲ್ಲ ಅತ್ತೆ, ನಿಮಗೆ ಬೇಜಾರಿಲ್ವ?"

"ಕಾರು ಹೋದ್ರೆ ಹೋಗ್ಲಿ ಬಿಡಮ್ಮ," ಅಂದರು, ಬೀಸಣಿಗೆ ನಿಲ್ಲಿಸದೆ. "ಡ್ರೈವರ್ ಬಂದ್ನಲ್ಲ."