ಕೆಳಗಿನ ಸಾಲಿನ ಮೊಗೆಕಾಯಿ

ನನಗೆ ಆಗ ಮೂಗಿನ ತುದಿಯಲ್ಲೇ ಸಿಟ್ಟು. ಮದುವೆಯಾಗಿ ನಿಟ್ಟೂರಿನ ಕಡೆಗೆ ಬಂದ ಎರಡನೆಯ ವರ್ಷ, ಅರವತ್ತರ ದಶಕದ ಮಾತು. ಆ ಮನೆಯಲ್ಲಿ ನನ್ನೊಡನೆ ನಕ್ಕು ಮಾತಾಡುತ್ತಿದ್ದವಳು ಗಂಡನ ಅಣ್ಣನ ಹೆಂಡತಿ ಒಬ್ಬಳೇ. ಅವಳನ್ನು ಅಕ್ಕ ಎನ್ನುತ್ತಿದ್ದೆ.

ಭತ್ತ ಕೊಯ್ದ ಗದ್ದೆಯಲ್ಲಿ ಇಬ್ಬರೂ ಸೇರಿ ಆರು ಸಾಲು ಮೊಗೆಕಾಯಿ ಹಾಕಿದ್ದೆವು. ಮಳೆಗಾಲದ ಸಾಂಬಾರಿಗೆಂದು ತೂಗುಹಾಕಿಡುವ ಸೌತೆ ಅದು. ಗ್ರಾಮಸೇವಕರು ಕೊಟ್ಟ ಬಿಳಿ ಗೊಬ್ಬರವನ್ನು ಬುಡಕ್ಕೊಂದು ಚಿಟಿಕೆಯಂತೆ ಆಳವಾಗಿ ಹೂತು ಮೇಲಿನ ಮೂರು ಸಾಲಿಗೆ ನಾನು ಹಾಕಿದೆ, ಕೆಳಗಿನ ಮೂರಕ್ಕೆ ಅಕ್ಕ. ನೀರು ಬಿಡುವ ಕೆಲಸ ನನ್ನದು. ಹಳ್ಳದ ಕಾಲುವೆ ಗದ್ದೆಗೆ ಸೇರುವುದು ಮೇಲಿನ ಸಾಲಿನ ಹತ್ತಿರ. ಕೊನೆಯ ಸಾಲಿನಲ್ಲಿ ನೀರು ಮಿನುಗಿತೆಂದರೆ ಮುಗಿಯಿತು, ಕಾಲುವೆ ಕಟ್ಟಿ ಬರುತ್ತಿದ್ದೆ.

ಹತ್ತು ದಿನಕ್ಕೆ ನನ್ನ ಸಾಲುಗಳು ಕಡುಹಸಿರಾಗಿ ಬಳ್ಳಿ ಬಿಟ್ಟವು. ಅವಳವು ಬಣ್ಣಗೆಟ್ಟು ಕೂತಲ್ಲೇ ಕೂತಿದ್ದವು.

"ಅಕ್ಕ, ನಿಜ ಹೇಳು, ಕೆಳಗಿನ ಸಾಲಿಗೆ ಗೊಬ್ಬರ ಹಾಕಿದ್ಯಾ?" ಅತ್ತೆಯ ಎದುರೇ ಕೇಳಿದೆ.

"ಹಾಕಿದೀನಲ್ಲೇ."

"ಹಾಕಿದ್ರೆ ಹಿಂಗೆ ಸೊರಗ್ತಿತ್ತಾ?"

ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಳು. ಹಟಕ್ಕೆ ನಾನೂ ಬಿಟ್ಟೆ. ಆದರೆ ಆ ಮನೆಯಲ್ಲಿ ದಿನ ಕಳೆಯುವುದೇ ಕಷ್ಟವಾಯಿತು.

ಇನ್ನೊಂದು ವಾರಕ್ಕೆ ನನ್ನ ಸಾಲಿನ ಎಲೆಗಳೂ ಹಳದಿಗಟ್ಟಿದವು. ಕೂತು ಬುಡ ಕೆದಕಿದೆ. ಮೇಲಿನ ಸಾಲಿನಲ್ಲಿ ಮೊಣಕೈವರೆಗೂ ಕೆಸರು; ಹಾಕಿದ ಗೊಬ್ಬರವೆಲ್ಲ ನೀರಿನ ಜೊತೆ ಇಳಿದುಹೋಗಿತ್ತು. ಕೆಳಗಿನ ಸಾಲಿನಲ್ಲಿ ಮೇಲಷ್ಟೇ ತೇವ. ಬೆರಳು ಆಳಕ್ಕಿಳಿದಾಗ ಪುಡಿಮಣ್ಣು, ಅದರಲ್ಲಿ ಬಿಳಿ ಹರಳು ಹಾಗೇ ಕೂತಿತ್ತು. ಅಕ್ಕ ಹಾಕಿದ್ದಳು. ಅದನ್ನು ಕರಗಿಸುವಷ್ಟು ನೀರನ್ನು ನಾನೇ ಕೊಟ್ಟಿರಲಿಲ್ಲ.

ಮಾರನೆಯ ದಿನದಿಂದ ನೀರನ್ನು ಮೊದಲು ಕೊನೆಯ ಸಾಲಿಗೆ ಒಯ್ದೆ. ಅದು ಚೆನ್ನಾಗಿ ನೆನೆದ ಮೇಲೆ ಮಣ್ಣಿಟ್ಟು ಕಟ್ಟಿ, ಒಂದೊಂದೇ ಸಾಲು ಹಿಂದಕ್ಕೆ ಬಂದೆ. ಅಕ್ಕ ದಂಡೆಯ ಮೇಲೆ ನಿಂತು ನೋಡಿದಳು. ಕೆಳಗಿನ ಬಳ್ಳಿಗಳು ಚೇತರಿಸಿಕೊಂಡು ಕಾಯಿ ಹಿಡಿದವು. ನನ್ನವು ಮತ್ತೆ ಏಳಲೇ ಇಲ್ಲ.

ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ. ಕೆಳಗಿನ ಸಾಲಿನ ಮೊದಲ ಕಾಯಿಯನ್ನು ಕೊಯ್ದು ತಂದು ಅವಳ ಕೈಗಿಟ್ಟೆ. ಅವತ್ತು ಅದರದೇ ಸಾಂಬಾರು. ಎಲ್ಲರಿಗೂ ಬಡಿಸುತ್ತ ಬಂದವಳು ಪಂಕ್ತಿಯ ಕೊನೆಯಲ್ಲಿದ್ದ ನನ್ನ ಎಲೆಯ ಮುಂದೆ ನಿಂತು ಎರಡು ಹೋಳು ಹೆಚ್ಚಿಗೆ ಹಾಕಿದಳು.

"ನೋಡೇ," ಅಂದಳು, "ಕೊನೇ ಎಲೆವರೆಗೂ ಸರಿಯಾಗಿ ಬಂತಾ?"