ಕೆಟ್ಟ ಸುದ್ದಿ ಹೋಗದ ಪೆಟ್ಟಿಗೆ

ಕಳೆದ ವಾರ ಪೀಣ್ಯದ ನಮ್ಮ ಶೆಡ್ಡಿಗೆ ಗೇಜಿನ ಪೆಟ್ಟಿಗೆ ವಾಪಸ್ ಬಂತು. ಮುಚ್ಚಳ ಎತ್ತಿದ ಕೂಡಲೇ ಪೈನ್ ಮರದ ವಾಸನೆ, ಅದರ ಬೆನ್ನಿಗೇ ಪರದೇಶದ ಪತ್ರಿಕೆಯ ಮಸಿಯ ವಾಸನೆ. ಕಟಿಂಗ್ ಎಣ್ಣೆ, ಗ್ರೈಂಡಿಂಗ್ ಧೂಳು, ಪಕ್ಕದ ಪ್ಲೇಟಿಂಗ್ ಯೂನಿಟ್ಟಿನ ಆಸಿಡ್ಡು ಎಲ್ಲ ಸೇರಿ ನಮ್ಮ ಮೂಗುಗಳು ಸತ್ತು ಯಾವುದೋ ಕಾಲವಾಗಿದೆ. ಆದರೂ ಆ ವಾಸನೆ ಮಾತ್ರ ನನಗೆ ತಪ್ಪುವುದಿಲ್ಲ. ಗೇಜುಗಳು ಸರಿಯಾಗಿವೆಯೇ ಎಂದು ನೋಡುವ ಮೊದಲು ನಾನು ಅವುಗಳ ಸುತ್ತ ತುಂಬಿದ್ದ ಕಾಗದ ಬಿಡಿಸಿದೆ. ಇದು ನಮ್ಮ ಪ್ಯಾಕಿಂಗ್ ಮೇಸ್ತ್ರಿ ನನಗೆ ಅಂಟಿಸಿ ಹೋದ ಚಟ.

ನಮ್ಮದು ಚಿಕ್ಕ ಕಾರ್ಖಾನೆ. ಪಂಪಿನ ಒಳಗೆ ತಿರುಗುವ ಚಕ್ರಗಳನ್ನು ಮಾಡಿ ಯುರೋಪಿನ ನಾಲ್ಕಾರು ದೇಶಗಳಿಗೆ ಕಳಿಸುತ್ತೇವೆ. ಉಕ್ರೇನಿನ ಖಾರ್ಕಿವ್‌ನಲ್ಲಿದ್ದ ಪಂಪ್ ಕಾರ್ಖಾನೆಯೊಂದು ನಮ್ಮ ಹಳೆಯ ಗಿರಾಕಿ. ಚಕ್ರದ ಅಳತೆ ಹಿಡಿದು ನೋಡುವ ಗೇಜುಗಳು ಅವರವು. ವರ್ಷಕ್ಕೆ ಎರಡು ಸಲ ಆ ಗೇಜುಗಳು ಮೊಣಕಾಲೆತ್ತರದ ಒಂದು ಮರದ ಪೆಟ್ಟಿಗೆಯಲ್ಲಿ ಕೂತು ತಪಾಸಣೆಗೆ ಅಲ್ಲಿಗೆ ಹೋಗುತ್ತವೆ, ಅದೇ ಪೆಟ್ಟಿಗೆಯಲ್ಲಿ ವಾಪಸ್ ಬರುತ್ತವೆ. ಪೆಟ್ಟಿಗೆ ಮೇಸ್ತ್ರಿಯೇ ತಮ್ಮ ಕೈಯಾರೆ ಮಾಡಿದ್ದು.

ನಾನು ದಾವಣಗೆರೆಯಿಂದ ಬಂದು ಇಲ್ಲಿ ಡಿಸ್ಪ್ಯಾಚ್ ಕ್ಲರ್ಕ್ ಆಗಿ ಸೇರಿದಾಗ ಅವರಿಗೆ ಐವತ್ತೈದು ದಾಟಿತ್ತು. ಈ ಕಡೆಯ ಮೂಲದವರೇ. ದಾಸರಹಳ್ಳಿಯಲ್ಲಿ ಅವರದು ಮೂರಂತಸ್ತಿನ ಕಟ್ಟಡ. ನಮ್ಮ ಕ್ವಾಲಿಟಿ ಎಂಜಿನಿಯರ್ ಅದರ ಎರಡನೇ ಮಹಡಿಯ ಬಾಡಿಗೆದಾರ. ಹಗಲೆಲ್ಲ ಅವನು ಮೇಸ್ತ್ರಿಗೆ ಪ್ಯಾಕಿಂಗ್ ಹೀಗೆ ಮಾಡಿ ಹಾಗೆ ಮಾಡಿ ಎನ್ನುವನು, ಸಂಜೆಯಾದರೆ ನಲ್ಲಿಯಲ್ಲಿ ನೀರಿಲ್ಲ ಸಾರ್ ಎಂದು ಅವರ ಮುಂದೆ ಕೈಕಟ್ಟಿ ನಿಲ್ಲುವನು. ಇಷ್ಟಿದ್ದೂ ಕೆಲಸಕ್ಕೆ ಯಾಕೆ ಬರುತ್ತೀರಿ ಎಂದರೆ, ಮನೆಯಲ್ಲಿ ಕೂತರೆ ಮಂಡಿ ಹಿಡಿಯುತ್ತದೆ ಎನ್ನುತ್ತಿದ್ದರು.

ಸೇರಿದ ಮೊದಲ ವಾರವೇ ಅವರ ಮೇಲೆ ರೇಗಿದ್ದೆ. ಲಾರಿ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದೆ, ಇವರು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಹಲಗೆಯ ಮೇಲೆ ಕೂತು ನಿಧಾನವಾಗಿ ಪೇಪರ್ ಓದುತ್ತಿದ್ದಾರೆ.

"ಏನ್ರೀ ಮೇಸ್ತ್ರಿ, ಪೇಪರ್ ಓದಾಕ್ ಬಂದೀರೇನ್ರೀ? ಗಾಡಿ ನಿಂತೈತಿ!"

"ಓದ್ದೆ ಎಂಗಮ್ಮ ಆಕಾದು?" ಅವರು ಕತ್ತೆತ್ತಲೂ ಇಲ್ಲ. "ಪೋಲೆಂಡ್ ಪೆಟ್ಗೆಗೆ ಪೋಲೆಂಡಿನ ರಗಳೆನೇ ತುಂಬುಟ್ರೆ ಬಿಚ್ಚೋನಿಗೆ ಏನನ್ಸಬೇಡ?"

ಸರಕು ಅಲುಗಾಡದಂತೆ ಪೆಟ್ಟಿಗೆಯ ಸಂದುಗಳಿಗೆ ಹಳೆಯ ಪೇಪರ್ ತುಂಬುವುದು ಎಲ್ಲ ಕಡೆ ಇರುವ ಪದ್ಧತಿ. ಮೇಸ್ತ್ರಿಯ ಪದ್ಧತಿ ಬೇರೆ. ಪೆಟ್ಟಿಗೆ ಯಾವ ದೇಶಕ್ಕೆ ಹೋಗುತ್ತದೋ ಆ ದೇಶದ ಕೆಟ್ಟ ಸುದ್ದಿಯಿದ್ದ ಪುಟ ಅದರೊಳಗೆ ಹೋಗುವಂತಿಲ್ಲ. ದೇವರ ಚಿತ್ರವಿದ್ದ ಪುಟ ಹೋಗುವಂತಿಲ್ಲ, ಯಾರ ಕಾಲಡಿಗೆ ಸಿಕ್ಕುತ್ತದೋ. ಸತ್ತವರ ಫೋಟೋ ಇರುವ ಶ್ರದ್ಧಾಂಜಲಿ ಪುಟವಂತೂ ಯಾವ ದೇಶಕ್ಕೂ ಇಲ್ಲ. ಅಲ್ಲಿಯವರಿಗೆ ಕನ್ನಡ ಬರುತ್ತದೇನು ಎಂದು ನಾನು ಅಣಕಿಸಿದರೆ, ಚಿತ್ರ ನೋಡುವುದಕ್ಕೂ ಭಾಷೆ ಬೇಕೇ ಎಂದು ಕೇಳಿದರು. ನನ್ನ ಬಾಯಿ ಮುಚ್ಚಿತು. ಲಾರಿಯವನ ಬಾಯಿ ಮುಚ್ಚಲಿಲ್ಲ.

ಹೀಗೆ ಪುಟ ಆರಿಸಿ ಆರಿಸಿ ಅವರಿಗೆ ಯುರೋಪಿನ ರಾಜಕಾರಣವೆಲ್ಲ ಬಾಯಿಪಾಠವಾಗಿತ್ತು. ಇಟಲಿಯಲ್ಲಿ ಸರ್ಕಾರ ಬಿದ್ದದ್ದು, ಜರ್ಮನಿಯಲ್ಲಿ ಚುನಾವಣೆ ಮುಗಿದು ತಿಂಗಳುಗಟ್ಟಲೆಯಾದರೂ ಸರ್ಕಾರ ಕೂಡಿಬರದೆ ಇದ್ದದ್ದು, ಎಲ್ಲವನ್ನೂ ಹದಿನೈದು ದಿನ ತಡವಾಗಿ, ಆದರೆ ಪಕ್ಕಾ ಹೇಳುತ್ತಿದ್ದರು. ಬ್ರಿಟನ್ನು ಯುರೋಪ್ ಒಕ್ಕೂಟ ಬಿಟ್ಟಾಗ ನನ್ನ ಕಾಗದಪತ್ರದ ಕೆಲಸ ಎರಡರಷ್ಟಾಯಿತು ಎಂದು ಗೊಣಗಿದೆ. "ಒಟ್ಟು ಮನೆಯಿಂದ ಬ್ಯಾರೆ ಓಗ್ತೀನಿ ಅಂತಾನೆ, ಬಾವಿ ನೀರು ಮಾತ್ರ ಬುಡಲ್ಲ ಅಂತಾನೆ. ಪತ್ರ ಜಾಸ್ತಿ ಆಗ್ದೆ ಇನ್ನೇನಮ್ಮ?" ಎಂದರು. ಟೀವಿಯಲ್ಲಿ ಕೂತ ಯಾವ ಪಂಡಿತನೂ ನನಗೆ ಅಷ್ಟು ಚೆನ್ನಾಗಿ ತಿಳಿಸಿ ಹೇಳಿರಲಿಲ್ಲ.

ಆದರೆ ಅವರಿಗೆ ಎಲ್ಲಕ್ಕಿಂತ ಹತ್ತಿರದ ದೇಶ ಉಕ್ರೇನೇ. ಕಾರಣ ಹದಿನಾರು ಸ್ಕ್ರೂಗಳು. ಗೇಜಿನ ಪೆಟ್ಟಿಗೆಯ ಮುಚ್ಚಳವನ್ನು ಹದಿನಾರು ಸ್ಕ್ರೂ ಹಾಕಿ ಮುಚ್ಚುತ್ತಿದ್ದರು. ಬಿಗಿದ ಮೇಲೆ ಪ್ರತಿಯೊಂದು ಸ್ಕ್ರೂವಿನ ತಲೆಯ ಮೇಲಿನ ಗೀರನ್ನೂ ಹಲಗೆಯ ಎಳೆಗೆ ನೇರವಾಗಿ ತಿರುಗಿಸಿ ನಿಲ್ಲಿಸುತ್ತಿದ್ದರು. ಯಾರೂ ಕೇಳಿದ್ದಲ್ಲ, ಯಾರೂ ನೋಡುವುದೂ ಇಲ್ಲ. ಮೂರನೆಯ ಸಲವೋ ನಾಲ್ಕನೆಯ ಸಲವೋ ಪೆಟ್ಟಿಗೆ ಖಾರ್ಕಿವ್‌ನಿಂದ ವಾಪಸ್ ಬಂದಾಗ ನನ್ನನ್ನು ಆಫೀಸಿನಿಂದ ಕೂಗಿ ಕರೆದರು. ಹದಿನಾರೂ ಗೀರುಗಳು ಒಂದೇ ಸಾಲಿನಲ್ಲಿದ್ದವು.

"ನೋಡಮ್ಮ. ಅಲ್ಲೂ ಒಬ್ಬ ಅವ್ನೆ."

ಅವತ್ತು ಇಡೀ ಶೆಡ್ಡಿಗೆ ಚಹಾ ತರಿಸಿದ್ದರು. ಅಲ್ಲಿಯವನು ಗಂಡೋ ಹೆಣ್ಣೋ, ಮುದುಕನೋ ಹುಡುಗನೋ ನಮಗೆ ಗೊತ್ತಿರಲಿಲ್ಲ. ಮೇಲ್‌ಗಳಲ್ಲಿ ಬರುತ್ತಿದ್ದುದು ಖರೀದಿ ವಿಭಾಗದವರ ಹೆಸರು ಮಾತ್ರ. ಮೇಸ್ತ್ರಿ ಅವನನ್ನು ನಮ್ಮೋನು ಎಂದು ಕರೆದರು. ಅವನೂ ಪೇಪರನ್ನು ಬಿಗಿಯಾಗಿ ಸುರುಳಿ ಸುತ್ತಿ, ದಾರ ಕಟ್ಟಿ ತುಂಬುತ್ತಿದ್ದ. ಆ ಹಾಳೆಗಳನ್ನು ಮೇಸ್ತ್ರಿ ಅಂಗೈಯಿಂದ ನೇವರಿಸಿ, ಸಪಾಟು ಮಾಡಿ, ಬೆಂಚಿನ ಕೆಳಗಿನ ತಗಡಿನ ಟ್ರಂಕಿನಲ್ಲಿ ಇಡುತ್ತಿದ್ದರು.

ಇನ್ನು ನಾನು ಮಾಡಿದ ಕೆಲಸ. ಯುದ್ಧಕ್ಕೆ ಮುಂಚಿನ ಆ ಚಳಿಗಾಲದಲ್ಲಿ ಉಕ್ರೇನಿನ ಗಡಿಯಲ್ಲಿ ಸೇನೆ ಸೇರುತ್ತಿದೆ ಎಂದು ದಿನವೂ ಸುದ್ದಿ. ಮೇಸ್ತ್ರಿ ಮೊಮ್ಮಗಳ ನಾಮಕರಣಕ್ಕೆ ಮೂರು ದಿನ ರಜೆ ಹಾಕಿದ್ದರು. ಗೇಜುಗಳು ರಜೆಯ ಮೊದಲ ದಿನವೇ ಹೋಗಬೇಕಿತ್ತು. ನಾನೇ ಪ್ಯಾಕ್ ಮಾಡಿದೆ. ಕೈಗೆ ಸಿಕ್ಕ ಅವತ್ತಿನ ಪೇಪರಿನ ಮುಖಪುಟದಲ್ಲಿ, ಈ ತುದಿಯಿಂದ ಆ ತುದಿಗೆ, ಹಿಮದಲ್ಲಿ ಸಾಲಾಗಿ ನಿಂತ ಟ್ಯಾಂಕುಗಳ ಚಿತ್ರ. ಪೇಪರ್ ಅಂದರೆ ಪೇಪರ್ ಅಷ್ಟೇ ಅಂದುಕೊಂಡು ಮುದುರಿ ಎಲ್ಲಕ್ಕಿಂತ ಮೇಲೆ ಹಾಕಿದೆ. ಡ್ರಿಲ್ ಹಿಡಿದು ಹದಿನಾರು ಸ್ಕ್ರೂಗಳನ್ನು ಹದಿನಾರು ದಿಕ್ಕಿಗೆ ಬಿಗಿದೆ.

ರಜೆ ಮುಗಿಸಿ ಬಂದ ಮೇಸ್ತ್ರಿ ಯಾವ ಪೇಪರ್ ಹಾಕಿದೆ ಎಂದು ಕೇಳಿದರು. ನಗುತ್ತಲೇ ಹೇಳಿದೆ. ಅವರು ನಗಲಿಲ್ಲ.

"ಮೇಲ್ಗಡೆನೇ ಆಕ್ಬುಟ್ಯಾ ತಾಯಿ..."

ಪೆಟ್ಟಿಗೆ ತಲುಪಿದೆ ಎಂದು ಕೊರಿಯರ್‌ನವರ ಸಂದೇಶ ಬಂತು. ಅದಾಗಿ ಕೆಲವೇ ದಿನಕ್ಕೆ ಯುದ್ಧ ಶುರುವಾಯಿತು.

ನಾನು ಶಕುನ ಅಪಶಕುನ ನಂಬುವವಳಲ್ಲ. ನನ್ನ ಪೇಪರಿನಿಂದ ಯುದ್ಧ ಆಗಲಿಲ್ಲ ಎಂಬಷ್ಟು ಬುದ್ಧಿ ನನಗೂ ಇದೆ. ಆದರೆ ಟೀವಿಯಲ್ಲಿ ಖಾರ್ಕಿವ್‌ನ ಒಡೆದ ಕಟ್ಟಡಗಳನ್ನು ತೋರಿಸಿದಾಗೆಲ್ಲ ನನಗೆ ಒಂದೇ ಯೋಚನೆ. ಅಷ್ಟು ವರ್ಷ ಒಳ್ಳೆಯ ಹಾಳೆಗಳನ್ನೇ ಪಡೆದ ಆ ಮನುಷ್ಯನಿಗೆ ನಮ್ಮಿಂದ ಹೋದ ಕೊನೆಯ ವಸ್ತು ಆ ಟ್ಯಾಂಕುಗಳು. ಅವನು ಬದುಕಿಲ್ಲದಿದ್ದರೆ ಅದೇ ಕೊನೆಯದಾಗಿ ಉಳಿಯುತ್ತದೆ, ಅದನ್ನು ನಾನು ಎಂದೂ ಸರಿಪಡಿಸಲಾರೆ. ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಂತೆ ಆ ಯೋಚನೆ ನನ್ನಲ್ಲಿ ಉಳಿಯಿತು.

ಮೇಲ್‌ಗಳಿಗೆ ಉತ್ತರ ಬರುವುದು ನಿಂತಿತು. ಮಾಲೀಕರು ಬೇರೆ ಗೇಜು ಮಾಡಿಸಿದರು, ಬೇರೆ ದೇಶಗಳ ಕೆಲಸ ನಡೆಯಿತು. ಮೇಸ್ತ್ರಿ ಮಾತ್ರ ದಿನವೂ ಚಹಾದ ಹೊತ್ತಿಗೆ ಕೇಳುತ್ತಿದ್ದರು, "ಮೇಲ್ ಏನಾರ ಬಂತಾ?" ಇಲ್ಲ ಎಂದರೆ ಪೇಪರ್ ಬಿಡಿಸಿ ಕೂತುಬಿಡುತ್ತಿದ್ದರು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಯುರೋಪ್ ಒಕ್ಕೂಟದ ಇಪ್ಪತ್ತೇಳು ದೇಶದವರು ಕೂತು ಉಕ್ರೇನಿಗೆ ನೆರವು ಕೊಡುವ ಮಾತಾಡುವರು, ಯಾರೋ ಒಬ್ಬರು ಒಲ್ಲೆ ಎನ್ನುವರು, ಮಾತು ಅಲ್ಲೇ ನಿಲ್ಲುವುದು. ಅಂಥದೊಂದು ಸುದ್ದಿ ಓದಿದ ದಿನ ಮೇಸ್ತ್ರಿ ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

"ನಮ್ಮಪ್ಪನ ಆಸ್ತಿ ಪಾಲಿಗೆ ಏಳು ಜನ ಅಣ್ಣತಮ್ಮಂದ್ರು ಸೈನ್ ಆಕ್ಬೇಕಿತ್ತು. ಆರು ಜನ ಆಕುದ್ರು. ಒಬ್ಬಣ್ಣ ಒಂಬತ್ತು ವರ್ಸ ಆಕ್ಲಿಲ್ಲ. ಇವ್ರು ಇಪ್ಪತ್ತೇಳು ಜನ ಕಣಮ್ಮ!"

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆಮೇಲೆ ಪೇಪರ್ ಮಡಿಸುತ್ತ, "ಆದ್ರೂ ಮೇಜಿನ ಮುಂದೆ ಕುಂತವ್ರಲ್ಲ. ಕುಂತಿರೋಗಂಟ ಪರ್ವಾಗಿಲ್ಲ" ಎಂದರು. ನಗು ಬಂದ ಧೈರ್ಯದಲ್ಲೇ ನಾನು ಹೇಳಿಬಿಟ್ಟೆ.

"ಮೇಸ್ತ್ರಿ, ಅವತ್ತು ನಂದು ತಪ್ಪಾತ್ರೀ."

"ನೀನೇನು ಟ್ಯಾಂಕ್ ಕಳ್ಸಿದ್ಯಾ? ಪೇಪರ್ ಕಳ್ಸಿದೆ. ಮೊದ್ಲು ಅವ್ನು ಸಿಕ್ಲಿ."

ಯುದ್ಧಕ್ಕೆ ಒಂದೂವರೆ ವರ್ಷವಾಗಿದ್ದಾಗ ಇರಬೇಕು, ಒಂದು ಬೆಳಗ್ಗೆ ಮೇಲ್ ಬಂತು. ಅವರು ಯಂತ್ರಗಳನ್ನು ದೇಶದ ಪಶ್ಚಿಮದ ಕಡೆ ಸಾಗಿಸಿದ್ದಾರೆ, ಒಂದು ಗೋದಾಮಿನಲ್ಲಿ ಕೆಲಸ ಶುರುವಾಗಿದೆ, ಗೇಜುಗಳನ್ನು ಪೋಲೆಂಡಿನ ಮೂಲಕ ಕಳಿಸಿದ್ದಾರೆ. ಕಾರ್ಖಾನೆ ಇದೆ ಎಂದಾಯಿತು. ಆದರೆ ಪೆಟ್ಟಿಗೆ ಮುಚ್ಚುವವನು? ಅದನ್ನು ಮೇಲ್ ಹಾಕಿ ಕೇಳುವುದಾದರೂ ಹೇಗೆ, ಹೆಸರೇ ಗೊತ್ತಿಲ್ಲ.

ಮೂರು ವಾರದ ಮೇಲೆ ಪೆಟ್ಟಿಗೆ ಬಂತು. ಒಂದು ಮೂಲೆ ಒಡೆದು, ಅಲ್ಲಿ ಹೊಸ ಹಲಗೆ ಕೂಡಿಸಿದ್ದರು. ನಾನು ಓಡಿ ಹೋಗಿ ಹೇಳಿದೆ. ಮೇಸ್ತ್ರಿ ಕೈಗೆ ಮೆತ್ತಿದ್ದ, ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯುವ ಕಪ್ಪು ಬಣ್ಣ ಒರೆಸಿಕೊಳ್ಳುತ್ತ ಬಂದರು. ಮುಚ್ಚಳ ಬಿಚ್ಚಲಿಲ್ಲ. ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳನ್ನು ಒಂದೊಂದೇ ಸ್ಕ್ರೂವಿನ ಮೇಲೆ ಆಡಿಸುತ್ತ ಹೋದರು. ಹದಿನಾರೂ ಒಂದೇ ಸಾಲು. ಹೊಸ ಹಲಗೆಗೆ ಹಾಕಿದ್ದ ಬೇರೆ ಜಾತಿಯ ಸ್ಕ್ರೂಗಳೂ ಅದೇ ಸಾಲು. ನಾನು ಸೊಟ್ಟಗೆ ಕಳಿಸಿದ್ದನ್ನು ಅವನು ನೇರ ಮಾಡಿ ಕಳಿಸಿದ್ದ.

ಮೇಸ್ತ್ರಿ ಹಾಗೇ ನೆಲದ ಮೇಲೆ ಕೂತುಬಿಟ್ಟರು. "ನಮ್ಮೋನು ಅವ್ನೆ ಕಣಮ್ಮ. ಅವ್ನೆ." ನಾನು ಅತ್ತೆ. ಎಲ್ಲರೆದುರು, ಕ್ವಾಲಿಟಿ ಎಂಜಿನಿಯರ್ ಮುಂದೆಯೂ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಅತ್ತೆ.

ಒಳಗೆ ಅದೇ ಸುರುಳಿ, ಅದೇ ದಾರ. ಮೊದಲ ಸುರುಳಿ ಬಿಡಿಸಿದರೆ ಪುಟದ ತುಂಬ ಎಲೆಕೋಸು. ಅದರ ಕೆಳಗೆ ಆಲೂಗಡ್ಡೆ ಹೇಗೆ ನೆಡಬೇಕು ಎಂದು ಚಿತ್ರ ಹಾಕಿ ತೋರಿಸಿದ್ದರು. ಎರಡನೆಯದರಲ್ಲಿ ಪದಬಂಧ. ಸುತ್ತ ಯುದ್ಧ ನಡೆಯುತ್ತಿರುವಾಗ ಈ ಪುಣ್ಯಾತ್ಮ ಎಲೆಕೋಸಿನ ಪುಟವನ್ನು ಎಲ್ಲಿಂದ ಹುಡುಕಿ ತಂದನೋ. ನಾನು ಹಾಗಂದದ್ದೇ ತಡ, ಮೇಸ್ತ್ರಿ ಎದ್ದು ಬೆಂಚಿನ ಕೆಳಗಿನ ಟ್ರಂಕ್ ಎಳೆದರು. ಅಷ್ಟೂ ವರ್ಷದ ಹಾಳೆಗಳನ್ನು ನೆಲದ ಮೇಲೆ ಹರಡಿದೆವು. ಮೀನು ಹಿಡಿಯುವವರು, ಕೇಕು, ಬೆಕ್ಕಿನ ಮರಿಗಳು, ಫುಟ್‌ಬಾಲ್, ಹವಾಮಾನ... ಒಂದೇ ಒಂದು ಬಂದೂಕಿಲ್ಲ, ಒಬ್ಬ ಮಂತ್ರಿಯ ಮುಖವಿಲ್ಲ. ಕೈಗೆ ಸಿಕ್ಕ ರದ್ದಿ ಎಂದೇ ನಾವು ಅಷ್ಟು ದಿನ ತಿಳಿದಿದ್ದೆವು.

"ಅವ್ನೂ ಆರ್ಸೇ ಆಕ್ತಿದ್ನಲ್ಲಮ್ಮ!" ಮೇಸ್ತ್ರಿ ಬೆಕ್ಕಿನ ಮರಿಗಳ ಹಾಳೆಯನ್ನು ಎತ್ತಿ ಹಿಡಿದರು. ಆಮೇಲೆ ಹಾಳೆಗಳನ್ನು ಜೋಡಿಸುತ್ತ ನನ್ನ ಕಡೆ ತಿರುಗಿ, "ನಿನ್ ಟ್ಯಾಂಕ್ ಪೇಪರ್ನ ಅವತ್ತೇ ತೆಗ್ದು ಎಸ್ದಿರ್ತಾನೆ ಬುಡು. ಅಂಥೋನು ಅದ್ನ ಮನ್ಸಲ್ಲಿ ಇಟ್ಕಂಡು ಕೂರಲ್ಲ" ಎಂದರು. ಒಂದೂವರೆ ವರ್ಷದ ಮುಳ್ಳು ಅಲ್ಲಿಗೆ ಇಳಿಯಿತು. ಅವತ್ತು ಸಂಜೆ ಮೆಟ್ರೋದಲ್ಲಿ ನಿಂತುಕೊಂಡೇ ಹೋದರೂ ಕಾಲು ನೋಯಲಿಲ್ಲ.

ಐದು ತಿಂಗಳ ಹಿಂದೆ ಒಂದು ಭಾನುವಾರ ಮೇಸ್ತ್ರಿ ಊಟ ಮಾಡಿ ಮಲಗಿದವರು ಏಳಲಿಲ್ಲ. ಎರಡನೇ ಮಹಡಿಯ ಬಾಡಿಗೆದಾರನೇ ನನಗೆ ಫೋನ್ ಮಾಡಿದ. ಅದರ ಹಿಂದಿನ ವಾರವಷ್ಟೇ ಅವರು ಗೇಜಿನ ಪೆಟ್ಟಿಗೆ ಮುಚ್ಚಿ ಕಳಿಸಿದ್ದರು. ಕಳೆದ ವಾರ ಬಂದದ್ದು ಅದೇ. ಹದಿನಾರು ಗೀರುಗಳೂ ನೆಟ್ಟಗಿದ್ದವು. ಒಳಗೆ ಜೇನುಗೂಡುಗಳ ಚಿತ್ರವಿದ್ದ ಪುಟ. ನೋಡಬೇಕಾದವರು ಇರಲಿಲ್ಲ...

ದಾರಿಯಲ್ಲಿ ಅಷ್ಟು ತಡವಾದ್ದರಿಂದ ಮುಂದಿನ ತಪಾಸಣೆಯ ಹೊತ್ತು ಆಗಲೇ ಬಂದುಬಿಟ್ಟಿದೆ, ಈಗ ಅದನ್ನು ಮತ್ತೆ ಕಳಿಸುವ ಸರದಿ. ಪ್ಯಾಕಿಂಗ್‌ಗೆ ಹೊಸಬರು ಬಂದಿದ್ದಾರೆ, ಆದರೆ ಈ ಪೆಟ್ಟಿಗೆ ನನಗಿರಲಿ ಎಂದೆ. ಪೇಪರಿನ ರಾಶಿಯಿಂದ ಹಾಳೆ ಆರಿಸುತ್ತಿದ್ದೆ. ಶಾಂತಿ ಮಾತುಕತೆ, ಇವತ್ತು ಈ ರಾಜಧಾನಿ, ನಾಳೆ ಆ ರಾಜಧಾನಿ, ಮೇಜಿನ ಸುತ್ತ ಗಂಭೀರ ಮುಖಗಳು. ಕುಂತವ್ರಲ್ಲ, ಪರ್ವಾಗಿಲ್ಲ ಎಂದುಕೊಂಡು ಅವನ್ನು ಪಕ್ಕಕ್ಕಿಟ್ಟೆ. ಅವುಗಳ ಕೆಳಗೆ ಮೇಸ್ತ್ರಿ ಸಿಕ್ಕರು. ಮನೆಯವರು ಹಾಕಿಸಿದ್ದ ಶ್ರದ್ಧಾಂಜಲಿ. ಚಿತ್ರಕ್ಕೆಂದು ಕಿವಿಯ ಮೇಲಿನ ಪೆನ್ಸಿಲ್ ತೆಗೆಸಿಬಿಟ್ಟಿದ್ದಾರೆ, ಯಾರೋ ಬೇರೆಯವರಂತೆ ಕಾಣುತ್ತಾರೆ.

ಪಕ್ಕದಲ್ಲಿ ನಿಂತಿದ್ದ ಎಂಜಿನಿಯರ್ ಮೆಲ್ಲಗೆ ಕೇಳಿದ. "ಮೇಡಂ, ಆ ಕಡೆಯವ್ರಿಗೆ ತಿಳಿಸ್ಬೇಕಲ್ವಾ? ಈ ಪುಟ ಒಳಗಿಟ್ರೆ ಸಾಕು, ಫೋಟೋ ನೋಡಿದ್ರೆ ಗೊತ್ತಾಗತ್ತೆ."

"ಬ್ಯಾಡ. ಮೇಸ್ತ್ರಿ ಬಯ್ತಾರ."

ಆ ಪುಟವನ್ನು ಮಡಿಸಿ ಟ್ರಂಕಿನಲ್ಲಿ, ಎಲೆಕೋಸಿನ ಹಾಳೆಯ ಮೇಲೆ ಇಟ್ಟೆ. ಪೆಟ್ಟಿಗೆಗೆ ಹೂವಿನ ಪ್ರದರ್ಶನದ ಪುಟ ಹಾಕಿದೆ. ಡ್ರಿಲ್ ಮುಟ್ಟಲಿಲ್ಲ, ಸ್ಕ್ರೂಗಳನ್ನು ಕೈಯಲ್ಲೇ ಬಿಗಿದೆ. ಗೇಟಿನಲ್ಲಿ ಹಾರ್ನ್ ಕೂಗುತ್ತಲೇ ಇತ್ತು. ಕೊನೆಯದೊಂದು ಸಾಲಿಗೆ ಬರಲು ಹಠ ಮಾಡಿತು, ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದೆ. ಅಲ್ಲಿ ಬಿಚ್ಚುವವನು ಹೆಬ್ಬೆರಳು ಆಡಿಸಿ ನೋಡಲಿ, ನಮ್ಮೋನು ಅವ್ನೆ ಅಂದುಕೊಳ್ಳಲಿ.