ಕುದುರೆಯಂತೆ ನೆಗೆದ ರಾಜ

ಅದು 2003ನೇ ಇಸವಿ. ನಾನು ಮುಳಬಾಗಿಲಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೆ. ಒಂದು ದಿನ ದೈಹಿಕ ಶಿಕ್ಷಣದ ಮೇಷ್ಟ್ರು ತರಗತಿಗೆ ಬಂದು, "ಚೆಸ್ ಯಾರಿಗೆ ಬರುತ್ತೆ?" ಎಂದು ಕೇಳಿದರು. ಎದ್ದ ಕೈ ನನ್ನದೊಂದೇ. ಕೋಲಾರದಲ್ಲಿ ಜಿಲ್ಲೆಯ ಕಾಲೇಜು ಹುಡುಗಿಯರಿಗೆ ಪಂದ್ಯವಿತ್ತು. ಆಯ್ಕೆಯಿಲ್ಲ, ತರಬೇತಿಯಿಲ್ಲ, ನಾನು ಕಾಲೇಜಿನ ಪ್ರತಿನಿಧಿಯಾಗಿಬಿಟ್ಟೆ.

ನನಗೆ ಆಟ ಕಲಿಸಿದವರು ನಮ್ಮ ತಾತ, ಅಮ್ಮನ ಅಪ್ಪ. ಪೌರೋಹಿತ್ಯ ಮಾಡುತ್ತಿದ್ದವರು. ಮದುವೆ ಮನೆಗಳಲ್ಲಿ ಮುಹೂರ್ತಕ್ಕೆ ಕಾಯುವಾಗ ಬೇರೆಯವರು ಎಲೆ ಅಡಿಕೆ ಹಾಕಿಕೊಂಡು ಹರಟುತ್ತಿದ್ದರೆ, ತಾತ ಜೋಳಿಗೆಯಿಂದ ಚದುರಂಗದ ಬಟ್ಟೆ ತೆಗೆದು ಹಾಸುತ್ತಿದ್ದರು. ಅವರನ್ನು ಸೋಲಿಸಿದವರು ನಮ್ಮ ಸುತ್ತಮುತ್ತ ಯಾರೂ ಇರಲಿಲ್ಲ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಂಥವರ ಮೊಮ್ಮಗಳು ನಾನು. ಕೋಲಾರದ ಬಸ್ಸು ಹತ್ತುವಾಗ ನನಗೆ ಒಂದಿಷ್ಟೂ ಅಳುಕಿರಲಿಲ್ಲ.

ಮೊದಲ ಆಟದಲ್ಲೇ ಎದುರಿನ ಹುಡುಗಿ ಕಾಲಾಳನ್ನು ಒಂದೇ ಸಲಕ್ಕೆ ಎರಡು ಮನೆ ನಡೆಸಿದಳು. "ಒಂದೇ ಮನೆ ಕಣೇ," ಎಂದು ನಾನು ತಿದ್ದಿದೆ. ಅವಳು ನನ್ನ ಮುಖ ನೋಡಿದಳು, ಕಾಲಾಳನ್ನು ಹಿಂದಕ್ಕೆ ತೆಗೆಯಲಿಲ್ಲ. ಪಾಪ, ಗೊತ್ತಿಲ್ಲ ಎಂದುಕೊಂಡು ನಾನೂ ಬಿಟ್ಟೆ. ಸ್ವಲ್ಪ ಹೊತ್ತಿಗೆ ನನ್ನ ರಾಜನಿಗೆ ಇಕ್ಕಟ್ಟಾಯಿತು. ಅದಕ್ಕೇನು, ತಾತ ಕಲಿಸಿದ ಉಪಾಯ ಇತ್ತಲ್ಲ. ರಾಜನನ್ನು ಎತ್ತಿ, ಕುದುರೆ ನೆಗೆಯುವ ಹಾಗೆ ಆಚೆ ನೆಗೆಸಿ, ಬೆನ್ನು ನೇರ ಮಾಡಿಕೊಂಡು ಕುಳಿತೆ.

ಹುಡುಗಿ ಕೈ ಎತ್ತಿ ತೀರ್ಪುಗಾರರನ್ನು ಕರೆದಳು. ಬಿಳಿ ಮೀಸೆಯ ಅವರು ಬಗ್ಗಿ ನೋಡಿ, "ಏನಮ್ಮಾ ಇದು?" ಎಂದರು.

"ಚೆಕ್ ಬೀಳದೇ ಇದ್ದರೆ ರಾಜ ಒಂದು ಸಲ ಕುದುರೆ ಥರ ನೆಗೀಬಹುದು ಸಾರ್."

"ಯಾರು ಹೇಳಿದ್ದು?"

"ನಮ್ಮ ತಾತ."

ಸುತ್ತಲಿನ ಮೇಜುಗಳಲ್ಲಿ ನಗು ಎದ್ದಿತು. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂದು ರಾಜನನ್ನು ಒಂದು ಮನೆ ಈಚೆಗೆ ತರಿಸಿದರು. ಆಟ ಅಲ್ಲಿಗೆ ಮುಗಿಯಿತು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಯಾವುದೋ ಕಾಲೇಜಿನ ಹುಡುಗಿಯರು ನನಗೆ ಕೇಳುವ ಹಾಗೆಯೇ, "ಮುಳಬಾಗಿಲ ರಾಜ ಕುದುರೆ ಹತ್ತಿಕೊಂಡು ಊರಿಗೆ ಹೊರಟ," ಎಂದು ನಕ್ಕರು. ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿ ಕುಳಿತಿದ್ದೆ.

ಮನೆಗೆ ಬಂದು ತಾತನ ಮೇಲೆ ಹರಿಹಾಯ್ದೆ. "ತಪ್ಪು ಆಟ ಕಲಿಸಿದ್ದೀರ. ಎಲ್ಲರ ಮುಂದೆ ಮರ್ಯಾದೆ ಹೋಯಿತು."

ತಾತ ಸಾವಕಾಶವಾಗಿ ಕೇಳಿಸಿಕೊಂಡರು. "ನಮ್ಮ ಹಿರೀಕರು ಆಡಿದ್ದು ಹಿಂಗೇ ಕಣೇ ವಸು. ಅವರದು ಬೇರೆ ಇರಬಹುದು. ತಪ್ಪು ಅಂತ ಹೆಂಗೆ ಹೇಳ್ತೀಯಾ?" ಎಂದಷ್ಟೇ ಹೇಳಿ, ಚದುರಂಗದ ಬಟ್ಟೆ ಮಡಚಿ ಅಟ್ಟದ ಮೇಲೆ ಇಟ್ಟರು. ಆಮೇಲೆ ನನ್ನನ್ನು ಆಟಕ್ಕೆ ಕರೆಯಲಿಲ್ಲ. ನಾನೂ ಹೋಗಲಿಲ್ಲ. ನನ್ನದು ಉಡದ ಪಟ್ಟು ಎಂದು ಅಮ್ಮ ಯಾವಾಗಲೂ ಬೈಯುತ್ತಿದ್ದರು. ಆ ಪಟ್ಟು ಬಂದದ್ದು ಯಾರಿಂದ ಎಂದು ಮಾತ್ರ ಹೇಳುತ್ತಿರಲಿಲ್ಲ.

ಮುಂದಿನ ವರ್ಷ ಅದೇ ಹಾಲ್‌ಗೆ ಹೋಗಬೇಕು, ಮೊದಲ ಮೂವರಲ್ಲಿ ಒಬ್ಬಳಾಗಿ ಜಿಲ್ಲೆಯ ತಂಡ ಸೇರಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಆದರೆ ಕಲಿಸುವವರು ಯಾರು? ಊರಿನಲ್ಲಿ ಕೋಚಿಂಗ್ ಇರಲಿಲ್ಲ. ಒಂದು ಪುಸ್ತಕ ಸಿಕ್ಕಿತು, ಅದರ ತುಂಬ ಬರೀ ಅಕ್ಷರ, ಅಂಕಿ. ತಲೆಬುಡ ತಿಳಿಯಲಿಲ್ಲ.

ದಾರಿ ತೋರಿಸಿದ್ದು ಬಸ್‌ಸ್ಟ್ಯಾಂಡ್ ಹತ್ತಿರದ ಸಿ.ಡಿ. ಅಂಗಡಿ. ಸಿನಿಮಾ ಸಿ.ಡಿ.ಗಳನ್ನು ಬಾಡಿಗೆಗೆ ಕೊಡುತ್ತಿದ್ದ ನಯಾಜ್ ಭಾಯಿಯನ್ನು, "ಚೆಸ್ ಕಲಿಸೋ ಸಿ.ಡಿ. ಏನಾದರೂ ಇರುತ್ತಾ?" ಎಂದು ಸುಮ್ಮನೆ ಕೇಳಿದೆ. ಅವರು ಕೌಂಟರಿನ ಕೆಳಗೆ ತಡಕಾಡಿ ಧೂಳು ಹಿಡಿದ ಒಂದು ಡಬ್ಬಿ ತೆಗೆದರು.

"ಬೆಂಗಳೂರಿಂದ ತಂದ ಮಾಲಲ್ಲಿ ಬಂದುಬಿಟ್ಟಿದೆ ಕಣಮ್ಮಾ. ಹೀರೋ ಇಲ್ಲ, ಫೈಟಿಂಗ್ ಇಲ್ಲ, ಎವರು ಚೂಸ್ತಾರು, ಯಾರು ನೋಡ್ತಾರೆ? ತಗೊಂಡೋಗಿ, ಸಾಕಾದಾಗ ತಂದುಕೊಡಿ."

ಆ ಸಿ.ಡಿ.ಯಲ್ಲಿ ಯಾವುದೋ ದೇಶದವರೊಬ್ಬರು ಗೋಡೆಗೆ ನೇತುಹಾಕಿದ ದೊಡ್ಡ ಬೋರ್ಡಿನ ಮುಂದೆ ನಿಂತು ಪಾಠ ಹೇಳುತ್ತಿದ್ದರು. ಅವರ ಇಂಗ್ಲಿಷು ನನಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಆದರೆ ಕಾಯಿಗಳು ನಡೆಯುವುದು ಕಣ್ಣಿಗೆ ಕಾಣುತ್ತಿತ್ತಲ್ಲ, ಅಷ್ಟು ಸಾಕಿತ್ತು. ಪುಸ್ತಕದಲ್ಲಿ ಒಂದು ವಾರ ಒದ್ದಾಡಿದರೂ ತಲೆಗೆ ಹತ್ತದ ಕ್ಯಾಸ್ಲಿಂಗ್ ಒಂದೇ ಮಧ್ಯಾಹ್ನದಲ್ಲಿ ತಿಳಿಯಿತು. ರಾಜ ಎರಡು ಮನೆ ಬಲಕ್ಕೆ, ಆನೆ ಅವನನ್ನು ದಾಟಿ ಈಚೆಗೆ. ಅಷ್ಟೇ, ರಾಜ ಕೋಟೆಯೊಳಗೆ. ಎಷ್ಟು ಸಲ ಹಿಂದಕ್ಕೆ ಓಡಿಸಿ ಕೇಳಿದರೂ ಸಿಡುಕದ ಮೇಷ್ಟ್ರು ಅವರು. ಅಂಥವರು ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಅಡ್ಡಿಗಳಿಗೇನೂ ಕಡಿಮೆ ಇರಲಿಲ್ಲ. ಕರೆಂಟು ಹೋಗುತ್ತಿತ್ತು. ಬಂದಾಗ ಅಮ್ಮನ ಧಾರಾವಾಹಿಯ ಹೊತ್ತಾಗಿರುತ್ತಿತ್ತು. ಕೊನೆಯಾಟದ ಒಂದು ಪಾಠವನ್ನಂತೂ ನಾನು ಎಷ್ಟು ಸಲ ಹಾಕಿದ್ದೆನೆಂದರೆ, ಅಡುಗೆಮನೆಯಿಂದ ಅಮ್ಮನೇ, "ರೂಕ್ ಬಿಹೈಂಡ್ ದಿ ಪಾನ್ ಅಂತೆ, ನನಗೇ ಬಾಯಿಪಾಠ ಆಯ್ತು. ಏಳು, ಬಂದು ಕಾಯಿ ತುರಿ," ಎಂದು ಕೂಗುತ್ತಿದ್ದರು. ಮುಂದೆ ನಡೆಯುವ ಕಾಲಾಳಿನ ಬೆನ್ನಿಗೆ ಆನೆ ಇರಬೇಕು ಎಂಬುದು ಆ ಪಾಠ.

ತಾತ ಮಾತ್ರ ಟಿ.ವಿ. ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಸಿ.ಡಿ. ಹಾಕಿದ ಕೂಡಲೇ ತಮ್ಮ ಕುರ್ಚಿಯನ್ನು ಆ ಕಡೆ ತಿರುಗಿಸಿ, ಟಿ.ವಿ.ಗೆ ಬೆನ್ನು ಮಾಡಿ, ಪೇಪರ್ ಹಿಡಿದು ಕೂರುತ್ತಿದ್ದರು. ನನಗೆ ರೇಗುತ್ತಿತ್ತು. ಆಡಲು ಜೊತೆಯಿಲ್ಲದೆ ನಾನು ಎರಡೂ ಕಡೆಯ ಕಾಯಿಗಳನ್ನು ನಾನೇ ನಡೆಸುತ್ತಿದ್ದೆ. ತನಗೆ ತಾನೇ ಎದುರಾಳಿಯಾದರೆ ಏನು ಬಂತು? ಯಾವ ಕಡೆಯವಳು ಗೆದ್ದರೂ ನಾನೇ ಗೆಲ್ಲುತ್ತಿದ್ದೆ.

ಪಂದ್ಯಕ್ಕೆ ಇನ್ನು ಸ್ವಲ್ಪ ದಿನ ಇದೆ ಎನ್ನುವಾಗ, ಒಂದು ಭಾನುವಾರ ಕಾಲೇಜಿನ ಟಿಪ್ಪಣಿ ಬರೆಯುತ್ತಾ ಕುಳಿತಿದ್ದೆ. ತಾತ ಅಟ್ಟದಿಂದ ಬಟ್ಟೆ ಇಳಿಸಿ, ಕೊಡವಿ, ನನ್ನ ಮುಂದೆ ಹಾಸಿದರು.

"ಬಾರೇ. ಒಬ್ಬಳೇ ಎಷ್ಟು ದಿನ ಅಂತ ಆಡ್ತೀಯಾ? ನಿನ್ನ ಆಟಾನೇ ಆಡೋಣ."

ಅವರು ಬಿಳಿ ಕಾಯಿಗಳನ್ನು ಜೋಡಿಸಿದರು. ನಾನು ನೋಡುತ್ತಲೇ ಇದ್ದೆ. ಬಿಳಿಯವರ ರಾಜ ಮಂತ್ರಿಯ ಬಲಕ್ಕಿರಬೇಕು. ನನಗೆ ಹಾಗೆ ಇಡಲು ಕಲಿಸಿದ್ದೂ ತಾತನೇ. ಅಷ್ಟು ವರ್ಷ ಬಲಕ್ಕೇ ಇಟ್ಟವರು ಈಗ ಎಡಕ್ಕೆ ಇಟ್ಟಿದ್ದರು. ಆಟ ಶುರುವಾಯಿತು. ಕುದುರೆ, ಒಂಟೆ ಹೊರಗೆ ಬಂದವು. ಆಮೇಲೆ ತಾತ ರಾಜನನ್ನು ಎರಡು ಮನೆ ಎಡಕ್ಕೆ ಸರಿಸಿ, ಆನೆಯನ್ನು ದಾಟಿಸಿ, ಅಚ್ಚುಕಟ್ಟಾಗಿ ಕೋಟೆ ಕಟ್ಟಿದರು.

"ತಾತ, ಎಲ್ಲಾ ಉಲ್ಟಾ ಆಗಿದೆಯಲ್ಲ? ರಾಜ ಈ ಕಡೆ ಇರಬೇಕು."

"ನಿನ್ನ ಸಿ.ಡಿ.ಯವನು ಹಿಂಗೇ ಅಲ್ವೇನೇ ಇಡೋದು?" ಎಂದುಬಿಟ್ಟರು. ಎಂದ ಮೇಲೆ ಮಾತು ಜಾರಿತೆಂದು ತಿಳಿದು, ಕೆಮ್ಮಿ, ಕಣ್ಣು ಕೆಳಗೆ ಮಾಡಿದರು.

ನಾನು ತಲೆ ಎತ್ತಿ ಅವರ ಕುರ್ಚಿ ನೋಡಿದೆ. ಅದರ ಎದುರಿಗೆ ಅಮ್ಮನ ಮದುವೆಯಲ್ಲಿ ಕೊಟ್ಟಿದ್ದ ಬೀರು, ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ. ಆ ಕನ್ನಡಿಯಲ್ಲಿ ನಮ್ಮ ಟಿ.ವಿ. ಪೂರ್ತಿಯಾಗಿ ಕಾಣುತ್ತಿತ್ತು. ತಿಂಗಳುಗಟ್ಟಲೆ ನನ್ನ ತಾತ ಪೇಪರಿನ ಮೇಲಿನಿಂದ ಕನ್ನಡಿ ನೋಡಿಕೊಂಡು ನನ್ನ ಆಟ ಕಲಿತಿದ್ದರು. ಕನ್ನಡಿ ತೋರಿಸಿದ್ದನ್ನೇ ನಂಬಿ, ತಾವು ಸರಿಯಾಗಿ ಇಡುತ್ತಿದ್ದ ರಾಜನನ್ನೂ ಬದಲಾಯಿಸಿಕೊಂಡಿದ್ದರು.

ನನಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿ, "ನಾನೇ ತಪ್ಪು ಹೇಳಿದೆ ತಾತ, ಆಡಿ," ಎಂದೆ. ಮಾರನೆಯ ದಿನ ಕಸ ಗುಡಿಸುವ ನೆಪದಲ್ಲಿ ಟಿ.ವಿ.ಯ ಸ್ಟ್ಯಾಂಡನ್ನು ಎಳೆದು ಬೀರುವಿನ ಪಕ್ಕಕ್ಕೆ ಇಟ್ಟೆ. ಈಗ ತಾತ ಎಂದಿನ ಹಾಗೆ ಕುಳಿತರೂ ಟಿ.ವಿ. ಎದುರಿಗೇ ಇತ್ತು. ಅವರು ಒಂದು ಸಲ ನನ್ನನ್ನು ನೋಡಿದರು, ಒಂದು ಸಲ ಟಿ.ವಿ. ನೋಡಿದರು. ಪೇಪರ್ ಮಡಚಿ ಪಕ್ಕಕ್ಕಿಟ್ಟು, "ಹಾಕು," ಎಂದರು. ಆವತ್ತಿನಿಂದ ದಿನಾ ನೋಡುವುದು, ಆಡುವುದು. ಅವರು ನನ್ನನ್ನು ಒಂದು ಆಟವನ್ನೂ ಸುಮ್ಮನೆ ಗೆಲ್ಲಲು ಬಿಡಲಿಲ್ಲ.

2004ರಲ್ಲಿ ಮತ್ತೆ ಅದೇ ಹಾಲ್, ಅದೇ ಬಿಳಿ ಮೀಸೆಯ ತೀರ್ಪುಗಾರರು. ಕೊನೆಯ ಆಟ ಗೆದ್ದರೆ ಮೂರನೇ ಸ್ಥಾನ, ಸೋತರೆ ಮನೆ. ಬೋರ್ಡಿನ ನಡುವಿನ ಸಾಲು ತೆರವಾಗಿ ಎದುರಾಳಿಯ ಆನೆ ನನ್ನ ರಾಜನ ಕಡೆ ನುಗ್ಗಲು ಸಿದ್ಧವಾಯಿತು. ನನ್ನ ಕೈ ರಾಜನ ಕಡೆ ಹೋಯಿತು. ಚಿಕ್ಕಂದಿನಿಂದ ಆಡಿದ ಕೈಯಲ್ಲವೇ, ಕುದುರೆ ನೆಗೆಯುವ ಮನೆಯನ್ನು ಕಣ್ಣು ತಾನಾಗಿ ಹುಡುಕಿತು. ತೀರ್ಪುಗಾರರು ಕೈ ಕಟ್ಟಿಕೊಂಡು ನನ್ನ ಮೇಜಿನ ಹತ್ತಿರವೇ ನಿಂತಿದ್ದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲೆ ಇಟ್ಟೆ. ಆಮೇಲೆ ರಾಜನನ್ನು ಎತ್ತಿ ಎರಡು ಮನೆ ಬಲಕ್ಕೆ ಇಟ್ಟು ಆನೆಯನ್ನು ದಾಟಿಸಿದೆ. ಮಧ್ಯಾಹ್ನದವರೆಗೂ ಎಳೆದ ಆಟ ಅದು. ಕೊನೆಗೆ ಕಾಲಾಳಿನ ಹಿಂದೆ ಆನೆ ನಿಲ್ಲಿಸಿ ತಳ್ಳುತ್ತಾ ಹೋದೆ. ಅಮ್ಮನ ದನಿ ಕಿವಿಯಲ್ಲಿ ಕೇಳುತ್ತಲೇ ಇತ್ತು. ಗೆದ್ದೆ.

"ಹೋದ ವರ್ಷ ಬಂದಿದ್ದೋರು ನೀವೇ ಅಲ್ವಾ? ಯಾರ ಹತ್ತಿರ ಕೋಚಿಂಗ್ ತಗೊಂಡ್ರಿ?" ಎಂದು ತೀರ್ಪುಗಾರರು ಕೇಳಿದರು.

"ಒಂದು ಸಿ.ಡಿ. ಸಾರ್. ಮತ್ತೆ ನಮ್ಮ ತಾತ," ಎಂದೆ. ಈ ಸಲ ಯಾರೂ ನಗಲಿಲ್ಲ.

ಮನೆ ತಲುಪಿದಾಗ ತಾತ ಬಾಗಿಲಲ್ಲೇ ನಿಂತಿದ್ದರು. ಗೆದ್ದೆಯೋ ಸೋತೆಯೋ ಎಂದು ಕೇಳಲಿಲ್ಲ.

"ರಾಜನ್ನ ಕುದುರೆ ಹತ್ತಿಸಲಿಲ್ಲ ತಾನೇ?"

"ಇಲ್ಲ ತಾತ. ಕೋಟೆ ಕಟ್ಟಿದೆ."

"ಯಾವ ಕಡೆ?"

"ಬಲಗಡೆ."

"ಸದ್ಯ," ಎಂದು ನಕ್ಕುಬಿಟ್ಟರು. ಕನ್ನಡಿಯ ವಿಷಯ ನಾವಿಬ್ಬರೂ ಬಾಯಿಬಿಟ್ಟು ಆಡಿಕೊಂಡದ್ದು ಅಷ್ಟೇ.

ತಾತ ಹೋಗಿ ಬಹಳ ಕಾಲವಾಯಿತು. ಈಗ ನನ್ನ ಮಗಳು ಮೊಬೈಲನ್ನು ಟಿ.ವಿ.ಗೆ ಜೋಡಿಸಿಕೊಂಡು ಚೆಸ್ ಪಾಠ ನೋಡುತ್ತಾಳೆ. ಅವಳಿಗೆ ಕನ್ನಡದಲ್ಲೂ ಹೇಳಿಕೊಡುವವರಿದ್ದಾರೆ. ವಿಡಿಯೋ ನೋಡಿ ಯಾರಾದರೂ ಆಟ ಕಲಿಯುತ್ತಾರೆಯೇ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟೇ: ಛಲ ಇದ್ದರೆ ಕನ್ನಡಿಯಲ್ಲಿ ನೋಡಿಯೂ ಕಲಿಯಬಹುದು. ಅಮ್ಮನ ಬೀರು ಈಗ ನಮ್ಮ ಮನೆಯಲ್ಲಿದೆ. ಪಾಠ ನಡೆಯುವಾಗ ಅದರ ಕನ್ನಡಿಯಲ್ಲಿ ರಾಜ ಇವತ್ತಿಗೂ ಎಡಕ್ಕೇ ಸರಿಯುತ್ತಾನೆ. ಮಗಳು ಟಿ.ವಿ. ನೋಡುತ್ತಾಳೆ, ನಾನು ಕನ್ನಡಿ ನೋಡುತ್ತೇನೆ.